ಮಗುವಿನ ಮಾತು, ವೈದ್ಯನ ಧರ್ಮ



ಸಂಸ್ಕೃತ ಪಾಠಶಾಲೆಯಲ್ಲಿ ಶಬ್ದಗಳ ಲಿಂಗವನ್ನು ಕಲಿಸುವಾಗ ಮಕ್ಕಳು ಪ್ರತಿವರ್ಷವೂ ಒಂದು ಕಡೆ ಬೆರಗಾಗುತ್ತಾರೆ. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ಭಾರ್ಯಾ ಎಂಬುದು ಸ್ತ್ರೀಲಿಂಗ, ದಾರ ಎಂಬುದು ಪುಲ್ಲಿಂಗ, ಕಲತ್ರ ಎಂಬುದು ನಪುಂಸಕಲಿಂಗ. ಹೊರಗಣ ರೂಪವೊಂದು, ಒಳಗಣ ಅರ್ಥವೊಂದು. ಶಬ್ದದಲ್ಲಿ ಇದನ್ನು ನಗುತ್ತ ಒಪ್ಪುವ ನಾವು, ಮನೆಯ ಮಗುವೇ “ದೇಹ ಗಂಡಿನದು, ನಾನಾದರೋ ಹೆಣ್ಣು” ಎಂದು ನುಡಿದರೆ ದಿಗಿಲುಗೊಳ್ಳುತ್ತೇವೆ.

ಕಳೆದ ಶ್ರಾವಣದ ಅನುಭಾವಗೋಷ್ಠಿಯು ಮುಗಿದ ಮೇಲೆ ಗೃಹಸ್ಥರೊಬ್ಬರು ಇಂಥದೇ ಸಂಕಟವನ್ನು ಮೆಲುದನಿಯಲ್ಲಿ ತೋಡಿಕೊಂಡರು. ಮಗನಿಗೆ ಹದಿನೈದು ವರ್ಷ. ಈ ಹುಚ್ಚನ್ನು ಬಿಡಿಸುವ ವೈದ್ಯರುಂಟೇ? ಇಲ್ಲವಾದರೆ ಬುದ್ಧಿಯವರು ಮಂತ್ರಿಸಿಕೊಟ್ಟ ವಿಭೂತಿಯಿಂದಾದರೂ ಗುಣವಾದೀತೇ? ಅಂದು ನಾನು ಕೊಟ್ಟ ಉತ್ತರವು ಸಾಲದೆಂದು ತೋರಿದ್ದರಿಂದ ಇಲ್ಲಿ ವಿಸ್ತರಿಸುತ್ತಿದ್ದೇನೆ.

ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯನು ಬೋಧಿಸಿದನು. ಇಷ್ಟಲಿಂಗದೀಕ್ಷೆಯು ಸ್ತ್ರೀಪುರುಷರಿಬ್ಬರಿಗೂ ಸಲ್ಲುವುದು ಈ ತತ್ತ್ವದಿಂದಲೇ. ಗಂಡಸರಾದ ಶರಣರೂ ಲಿಂಗವನ್ನು ಪತಿಯೆಂದೂ ತಮ್ಮನ್ನು ಸತಿಯೆಂದೂ ಭಾವಿಸಿದರು. (ಆ ಭಕ್ತಿಭಾವವೂ ಈ ಮಕ್ಕಳ ಅನುಭವವೂ ಒಂದೇ ಅಲ್ಲ, ಒಂದನ್ನು ಇನ್ನೊಂದಕ್ಕೆ ಪ್ರಮಾಣವಾಗಿ ತರುವುದು ಸಲ್ಲದು.) ಆತ್ಮಕ್ಕೆ ಭೇದವಿಲ್ಲದಿದ್ದರೆ ಈ ಮಗು ತಾನು ಹೆಣ್ಣೆಂದು ಏಕೆ ಹಠ ಹಿಡಿಯಬೇಕೆಂದು ಕೆಲವರು ಆಕ್ಷೇಪಿಸಬಹುದು. ಹಾಗಾದರೆ ಅದು ಗಂಡಾಗಿಯೇ ಇರಬೇಕೆಂದು ತಂದೆಯಾದರೂ ಏಕೆ ಹಠ ಹಿಡಿಯಬೇಕು? ತತ್ತ್ವವನ್ನು ಮಗುವಿಗೆ ಮಾತ್ರ ಅನ್ವಯಿಸಿ ತನಗೆ ಬಿಟ್ಟುಕೊಳ್ಳುವುದು ನ್ಯಾಯವಲ್ಲ.

ಇನ್ನು ವೈದ್ಯದ ಮಾತು. ಇದು ಹುಚ್ಚಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಇದನ್ನು ಮನೋರೋಗಗಳ ಅಧ್ಯಾಯದಿಂದ ಹೊರತೆಗೆಯಿತು. ಇಂಥವರನ್ನು ಚಿಕಿತ್ಸೆಯಿಂದ ಬದಲಿಸಲು ಯತ್ನಿಸಬಾರದೆಂದು ೨೦೨೧ರ ಜೂನಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆ ತೀರ್ಪನ್ನು ಬರೆಯುವ ಮುನ್ನ ನ್ಯಾಯಮೂರ್ತಿ ಆನಂದ ವೆಂಕಟೇಶರು ತಮಗೆ ವಿಷಯವು ತಿಳಿಯದೆಂದು ಒಪ್ಪಿ, ಮನಶ್ಶಾಸ್ತ್ರಜ್ಞರೊಬ್ಬರ ಮುಂದೆ ಶಿಷ್ಯರಂತೆ ಕುಳಿತು ತಿಳಿದುಕೊಂಡರು. ನ್ಯಾಯಪೀಠದಲ್ಲಿರುವವರಿಗೆ ಸಾಧ್ಯವಾದ ಈ ವಿನಯವು ತಂದೆತಾಯಿಗಳಿಗೆ ಅಸಾಧ್ಯವಾಗಬಾರದು. ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂತಹ ‘ಪರಿವರ್ತನ ಚಿಕಿತ್ಸೆ’ಯನ್ನು ವೃತ್ತಿದೋಷವೆಂದು ಸಾರಿತು. ಆದಕಾರಣ ಗುಣಪಡಿಸುವೆನೆಂದು ಹಣ ಕೇಳುವವನ ಬಾಗಿಲಿಗೆ ಮಗುವನ್ನು ಒಯ್ಯಬೇಡಿರಿ.

ಆದರೆ ಅವಸರವು ಇನ್ನೊಂದು ದಿಕ್ಕಿನಿಂದಲೂ ಬರಬಹುದು. ಹರೆಯದ ಬೆಳವಣಿಗೆಯನ್ನು ತಡೆಹಿಡಿಯುವ ಔಷಧವೊಂದುಂಟು. ಅತಿ ಬೇಗನೆ ಹರೆಯ ಬರುವ ಮಕ್ಕಳಿಗೆ ಅದನ್ನು ಕೊಡುವರು. ಹಾಲೆಂಡಿನ ವೈದ್ಯರು ೧೯೯೦ರ ದಶಕದಲ್ಲಿ ಅದನ್ನು ಈ ಮಕ್ಕಳಿಗೂ ಬಳಸತೊಡಗಿದರು. ಅದರ ಹಿತವನ್ನು ತೋರುವ ಆಧಾರವು ದುರ್ಬಲವೆಂದು ಇಂಗ್ಲೆಂಡಿನಲ್ಲಿ ವೈದ್ಯೆ ಹಿಲರಿ ಕ್ಯಾಸ್ ೨೦೨೪ರಲ್ಲಿ ವರದಿ ಮಾಡಿದರು; ಅದೇ ವರ್ಷ ಅಲ್ಲಿ ಹದಿನೆಂಟರೊಳಗಿನ ಹೊಸಬರಿಗೆ ಸಂಶೋಧನೆಯ ಹೊರತು ಅದನ್ನು ಕೊಡುವುದು ನಿಂತಿತು. ಅಮೆರಿಕೆಯ ಹಲವು ವೈದ್ಯರಾದರೋ, ಚೆನ್ನಾಗಿ ಪರೀಕ್ಷಿಸಿ ಕೊಟ್ಟರೆ ಕೆಲವು ಮಕ್ಕಳಿಗೆ ಹಿತವೇ ಎನ್ನುವರು. ಬಲ್ಲವರಲ್ಲಿಯೇ ಏಕಾಭಿಪ್ರಾಯವಿಲ್ಲದಿರುವಾಗ, ಗೊತ್ತಿರುವುದನ್ನು ಗೊತ್ತೆಂದೂ ಇಲ್ಲದುದನ್ನು ಇಲ್ಲವೆಂದೂ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ವೈದ್ಯನ ಧರ್ಮ. ಗಂಡಿನ ಹಾರ್ಮೋನಿನಿಂದ ಒಡೆದ ದನಿಯು ಮತ್ತೆ ಮೊದಲಿನಂತಾಗದು. ಮುಂದೆ ಸಂತಾನವಾಗದೆಯೂ ಹೋಗಬಹುದು. ಇವನ್ನು ಮುಚ್ಚಿಡುವವನೂ, ಮಗುವಿನ ಮಾತನ್ನು ಕೇಳದೆಯೇ ಗದರಿಸಿ ಕಳುಹುವವನೂ ಸಮಾನ ದೋಷಿಗಳು.

ಕೂದಲು, ಉಡುಪು, ಕರೆಯುವ ಹೆಸರು ಇವಕ್ಕೆ ಔಷಧವೇ ಬೇಡ. ಬೇಕೆಂದಾಗ ಬದಲಿಸಲೂ ಬಹುದು. ನಮ್ಮ ಮನೆಗಳಲ್ಲಿ ಇಷ್ಟಕ್ಕೇ ಹೊಡೆತಗಳು ಬೀಳುತ್ತವೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಎಳೆಯ ಹರೆಯದಲ್ಲಿಯೇ ಮನೆಯನ್ನು ಬಿಡಬೇಕಾಯಿತು. ೨೦೨೧ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮನೆ ಬಿಟ್ಟವರೆಲ್ಲರಿಗೂ ಪದ್ಮಶ್ರೀ ಕಾದಿರುವುದಿಲ್ಲ. ಎಷ್ಟೋ ಮಕ್ಕಳು ಬಾವಿ, ಹಗ್ಗಗಳನ್ನು ನೆನೆಯುತ್ತಾರೆ.

ಆ ಗೃಹಸ್ಥರಿಗೆ ನಾನು ಹೇಳಿದ್ದು ಇಷ್ಟೇ: “ವಿಭೂತಿಯನ್ನು ಮಗುವಿನ ಹಣೆಗೆ ಎಂದಿನಂತೆ ಧರಿಸಿರಿ, ಔಷಧವೆಂದು ಮಾತ್ರ ಅಲ್ಲ. ಪೂಜೆಯಾದ ಮೇಲೆ ಬಳಿಯಲ್ಲಿ ಕುಳಿತು, ಅದು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿರಿ.” ಅವರು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ಗೋಷ್ಠಿಗೆ ಕರೆತರಬಹುದೇ ಎಂದು ಕೇಳಿದರು. “ತಪ್ಪದೆ ಕರೆತನ್ನಿರಿ” ಎಂದೆನು. “ಹೆಂಗಸರ ಸಾಲಿನಲ್ಲೋ ಗಂಡಸರ ಸಾಲಿನಲ್ಲೋ, ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಮಗುವೇ ಆರಿಸಿಕೊಳ್ಳಲಿ.”