ಒಂದು ವರ್ಷ ಮುಂದಿದ್ರೆ ನಷ್ಟ ಏನು?

ಕ್ಯಾಲಿಫೋರ್ನಿಯಾದಲ್ಲಿರೋ ಅಕ್ಕ ಹೋದ ವರ್ಷ ಫೋನ್ ಮಾಡಿದ್ದಳು. "ಮಗ ಒಂಬತ್ತನೇ ಕ್ಲಾಸಿಗೆ ಹೋಗ್ತಿದಾನೆ ಕಣೋ. ಇಲ್ಲಿ ಎಲ್ಲರ ಮಕ್ಕಳೂ ಈಗಲೇ ಎಪಿ ತಗೋತಿದಾರೆ. ಇವನಿಗೂ ಎಪಿ ಕಂಪ್ಯೂಟರ್ ಸೈನ್ಸ್ ಕೊಡಿಸಿದ್ರೆ ಕಾಲೇಜ್ ಅಪ್ಲಿಕೇಶನ್‌ಗೆ ಒಳ್ಳೇದಲ್ವಾ?"

ಎಪಿ ಅಂದ್ರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಸ್ಕೋರ್. ಅಕ್ಕ ಹೇಳಿದ ಕೋರ್ಸ್ ಜಾವಾದಲ್ಲಿ. ನಾನು ಜಾವಾದಿಂದಲೇ ಅನ್ನ ತಿನ್ನೋನು. ಹಿಂದೆಮುಂದೆ ನೋಡದೆ "ತಗೊಳ್ಳಲಿ ಬಿಡಕ್ಕ, ಒಂದು ವರ್ಷ ಮುಂದಿದ್ರೆ ನಷ್ಟ ಏನು?" ಅಂದೆ.

ನಷ್ಟ ಏನು ಅಂತ ಡಿಸೆಂಬರ್‌ನಲ್ಲಿ ಹುಡುಗನೇ ಹೇಳಿದ. "ಮಾಮ, ಅರ್ಥ ಆಗ್ಲಿಲ್ಲ. ಫ್ರೆಂಡ್ ಪ್ರೋಗ್ರಾಂ ಕಾಪಿ ಮಾಡಿ ಕೊಟ್ಬಿಟ್ಟೆ. ಅಮ್ಮಂಗೆ ಹೇಳ್ಬೇಡ."

ಆಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಿಯಮ ಓದಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಜಿಪಿಎ ಲೆಕ್ಕ ಹಾಕೋದು 10 ಮತ್ತು 11ನೇ ಕ್ಲಾಸಿನ ಗ್ರೇಡ್‌ಗಳಿಂದ. ಎಪಿಗೆ ಒಂದು ಪಾಯಿಂಟ್ ಹೆಚ್ಚು ಸಿಗೋದೂ ಆ ಅವಧಿಗೇ, ಅದಕ್ಕೂ 8 ಸೆಮಿಸ್ಟರ್‌ಗಳ ಮಿತಿ. ಒಂಬತ್ತರಲ್ಲಿ ತಗೊಂಡ ಎಪಿಗೆ ಆ ಪಾಯಿಂಟ್ ಇಲ್ಲ. ಹುಡುಗ ನಿದ್ದೆಗೆಟ್ಟಿದ್ದು, ಕದ್ದಿದ್ದು, ಲೆಕ್ಕಕ್ಕೇ ಬಾರದ ಪಾಯಿಂಟಿಗೆ.

ಹಾಗಂತ ಬೇಗ ಕಲಿಯೋದೇ ತಪ್ಪು ಅನ್ನೋಕಾಗಲ್ಲ. ಅಲ್ಲಿನ ಗಣಿತ ಮೆಟ್ಟಿಲಿನ ಥರ: ಆಲ್ಜಿಬ್ರಾ 1, ಜಾಮೆಟ್ರಿ, ಆಲ್ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ವರ್ಷಕ್ಕೊಂದು ಹತ್ತಿದ್ರೆ, 8ನೇ ಕ್ಲಾಸಲ್ಲಿ ಶುರು ಮಾಡಿದವನು 12ರಲ್ಲಿ ಕ್ಯಾಲ್ಕುಲಸ್ ಮುಟ್ತಾನೆ. ಇಂಜಿನಿಯರಿಂಗ್ ಕನಸಿದ್ದವನಿಗೆ ಇದು ನಿಜವಾದ ಲಾಭ. ಆದ್ರೆ ಆ ಕನಸು ಮೊದಲು ಅವನದ್ದಾಗಿರಬೇಕಲ್ವಾ?

ಕಾಪಿ ಮಾಡಿದ್ದು ತಪ್ಪು. ಅವನೂ ಇಲ್ಲ ಅನ್ನಲಿಲ್ಲ. ನನ್ನನ್ನ ಕೊರೆದಿದ್ದು ನನ್ನ ಪಾಲು. ನಾನು ಕನ್ನಡ ಮೀಡಿಯಂನಿಂದ ಬಂದವನು. ಬಿಇ ಮೊದಲ ಸೆಮಿಸ್ಟರ್‌ನಲ್ಲಿ ಪಕ್ಕದವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಮುಂಚೆ ಯಾರಾದ್ರೂ ಹೇಳಿಕೊಟ್ಟಿದ್ರೆ ಅನ್ನೋ ಹಸಿವು ಇನ್ನೂ ಹೋಗಿಲ್ಲ. ನನ್ನ ಹಸಿವಿಗೆ ಅವನ ತಟ್ಟೆಗೆ ಬಡಿಸಿದ್ದೆ. ಮಗುವಿನ ಒಳ್ಳೇದಕ್ಕೆ ಅಂತ ನಾವು ಮಾಡೋದ್ರಲ್ಲಿ ನಮ್ಮ ಹಳೇ ಭಯ ಎಷ್ಟು ಪಾಲು ಅಂತ ನಾವು ಯಾವತ್ತಾದ್ರೂ ಲೆಕ್ಕ ಹಾಕ್ತೀವಾ?

"ನಾನು ಹೇಳಲ್ಲ. ನೀನೇ ಟೀಚರ್‌ಗೂ ಅಮ್ಮಂಗೂ ಹೇಳು. ಕೋರ್ಸ್ ತಗೊಳ್ಳಲಿ ಅಂದಿದ್ದು ಮಾಮ ಅಂತಲೂ ಹೇಳು" ಅಂದೆ. ಹೇಳಿದ. ಆ ಪ್ರೋಗ್ರಾಂಗೆ ಸೊನ್ನೆ ಬಂತು. ಅಕ್ಕ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಳು.

ಊರಲ್ಲಿ ಅಪ್ಪ ಪಕ್ಕದ ಗದ್ದೆ ನೋಡಿ ನಾಟಿ ದಿನ ಗೊತ್ತು ಮಾಡ್ತಿರಲಿಲ್ಲ. ಸಸಿಮಡಿಗೆ ಇಳಿದು ಪೈರನ್ನೇ ನೋಡ್ತಿದ್ದರು. ತೀರಾ ಎಳೆಯದನ್ನ ಕಿತ್ತರೆ ಬಾಡತ್ತೆ, ಬಲಿತದ್ದನ್ನ ನೆಟ್ಟರೆ ತೆಂಡೆ ಒಡೆಯಲ್ಲ. ಬೇಗ, ತಡ ಎರಡೂ ತಪ್ಪಾಗಬಹುದು.

ಮುಂದಿನ ಸಲ ಅಕ್ಕ ಕೇಳಿದ್ರೆ, "ಮೊದಲು ಅವನ ಕೈಗೆ ಫೋನ್ ಕೊಡಕ್ಕ" ಅಂತೀನಿ.