ಎಣ್ಣೆಯ ಧಾರೆಗೆ ಗಾಳಿಯ ದಾರಿ

ಧ್ಯಾನವೆಂದರೆ ಎಡೆಬಿಡದ ನೆನಪು, ಅದು ಎಣ್ಣೆಯ ಧಾರೆಯ ಹಾಗೆ ನಡುವೆ ಕಡಿಯದೆ ಹರಿಯಬೇಕು ಎಂದು ರಾಮಾನುಜರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ, ಮೊದಲ ಸೂತ್ರದ ವ್ಯಾಖ್ಯಾನದಲ್ಲೇ ಹೇಳುತ್ತಾರೆ. ಶಂಕರರು ಗೀತೆಯ ಹನ್ನೆರಡನೆಯ ಅಧ್ಯಾಯಕ್ಕೆ ಭಾಷ್ಯ ಬರೆಯುವಾಗ ಉಪಾಸನೆಯನ್ನು ವಿವರಿಸಲು ತಂದದ್ದೂ ಇದೇ ತೈಲಧಾರೆಯನ್ನು. ಎಷ್ಟೋ ವಿಷಯಗಳಲ್ಲಿ ಒಂದನ್ನೊಂದು ಒಪ್ಪದ ಎರಡು ಮತಗಳು ಎಣ್ಣೆಯ ವಿಷಯದಲ್ಲಿ ಒಂದಾಗಿವೆ. ಪ್ರವಚನಗಳಲ್ಲಿ ಈ ಮಾತು ಎಷ್ಟು ಸವೆದಿದೆಯೆಂದರೆ ಕೇಳಿದವರು ತಲೆದೂಗಿ ಮುಂದೆ ಹೋಗುತ್ತಾರೆ. ಎಣ್ಣೆ ನಿಜವಾಗಿ ಹೇಗೆ ಸುರಿಯುತ್ತದೆ ಎಂದು ನಿಂತು ನೋಡುವವರು ಕಡಿಮೆ. ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಧಾರೆ ಕಡಿಯದೆ ಹರಿಯುವುದು ಸುರಿಯುವವನ ಬಿಗಿಹಿಡಿತದಿಂದಲೋ, ಸುರಿಯುವ ಮೊದಲೇ ಮಾಡಿಟ್ಟ ಏರ್ಪಾಟಿನಿಂದಲೋ? ಮನಸ್ಸನ್ನು ಹಿಡಿದು ಕಟ್ಟಿಹಾಕುವುದೇ ಧ್ಯಾನ ಎಂಬ ರೂಢಿಯ ತಿಳಿವಳಿಕೆ ಮೊದಲನೆಯದನ್ನೇ ನಂಬಿಕೊಂಡಿದೆ. ನನಗೆ ಎರಡನೆಯದು ಸರಿಯೆನಿಸುತ್ತದೆ. ಶ್ರೀಭಾಷ್ಯವನ್ನು ಗಮನವಿಟ್ಟು ಓದಿದರೆ ಅದೂ ಆ ಕಡೆಗೇ ವಾಲುತ್ತದೆ.

ಕಿರಾಣಿ ಅಂಗಡಿಯ 15 ಕಿಲೋ ಎಣ್ಣೆ ಡಬ್ಬವನ್ನೇ ತೆಗೆದುಕೊಳ್ಳಿ. ಒಂದು ಮೂಲೆಯಲ್ಲಿ ಮಾತ್ರ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಆ ತೂತನ್ನೆಲ್ಲ ತುಂಬಿಕೊಂಡು ಹೊರಡುತ್ತದೆ, ಗಾಳಿ ಒಳಗೆ ಹೋಗಲು ಜಾಗ ಉಳಿಯುವುದಿಲ್ಲ. ಎಣ್ಣೆ ಹೊರಬಂದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ; ಕಡೆಗೆ ಹೊರಗಿನ ಗಾಳಿ ಧಾರೆಯನ್ನೇ ತಡೆದು ಗುಳಕ್ ಎಂದು ಒಳನುಗ್ಗುತ್ತದೆ. ನಿಂತು, ನುಗ್ಗಿ, ಮತ್ತೆ ನಿಂತು, ಎಣ್ಣೆ ಆಲಿಕೆಯ ಆಚೆಗೆ ಹಾರುತ್ತದೆ. ಅನುಭವಸ್ಥರು ಎದುರು ಮೂಲೆಯಲ್ಲಿ ಇನ್ನೊಂದು ಸಣ್ಣ ತೂತು ಹೊಡೆಯುವುದು ಇದಕ್ಕೇ. ತೂತು ಹೊಡೆಯಲಾಗದ ಕ್ಯಾನ್ ಆದರೆ ಅದರ ಬಾಯಿ ಕೆಳಗಿನ ಅಂಚಿಗೆ ಬಾರದೆ ಮೇಲಿನ ಅಂಚಿಗೆ ಬರುವಂತೆ ತಿರುಗಿಸಿ ಬಗ್ಗಿಸುತ್ತಾರೆ. ನೋಡುವವರಿಗೆ ಇದು ಉಲ್ಟಾ ಹಿಡಿದಂತೆ ಕಾಣುತ್ತದೆ, ಆದರೆ ಆಗ ಬಾಯಿಯ ಕೆಳಭಾಗದಲ್ಲಿ ಎಣ್ಣೆ ಹೊರಬಂದರೆ ಮೇಲ್ಭಾಗದಲ್ಲಿ ಗಾಳಿ ಒಳಗೆ ಹೋಗುತ್ತದೆ, ಎರಡಕ್ಕೂ ಜಗಳವಿಲ್ಲ. ಇನ್ನೊಂದು ತೊಂದರೆ ಅಂಚಿನದು. ಚೆಲ್ಲೀತೆಂದು ಹೆದರಿ ತೀರ ಸಣ್ಣಗೆ ಬಗ್ಗಿಸಿದರೆ ಎಣ್ಣೆ ಅಂಚಿಗೆ ಅಂಟಿಕೊಂಡು ಡಬ್ಬದ ಹೊರಮೈಗುಂಟ ಇಳಿದು ನೆಲ ಸೇರುತ್ತದೆ. ಟೀ ಕುಡಿಕೆಯಲ್ಲೂ ಕಾಣುವ ಈ ಉಪದ್ರವಕ್ಕೆ ಮಾರ್ಕಸ್ ರೈನರ್ 1956ರಲ್ಲಿ ‘ಟೀಪಾಟ್ ಪರಿಣಾಮ’ ಎಂದು ಹೆಸರಿಟ್ಟರು. ಹಾಗೆಂದು ಒಮ್ಮೆಲೇ ಬಗ್ಗಿಸಿದರೆ ಆಲಿಕೆ ಉಕ್ಕುತ್ತದೆ. ಇಷ್ಟೆಲ್ಲ ಸರಿಹೋದ ಮೇಲೆ ಎಣ್ಣೆಯ ಸ್ವಭಾವ ತನ್ನ ಕೆಲಸ ಮಾಡುತ್ತದೆ. ತೆಳ್ಳಗಿನ ನೀರಿನ ಧಾರೆ ಕೊಂಚ ದೂರ ಬೀಳುವಷ್ಟರಲ್ಲಿ ಮೇಲ್ಮೈ ಸೆಳೆತಕ್ಕೆ ಸಿಕ್ಕಿ ಹನಿಹನಿಯಾಗಿ ಒಡೆಯುತ್ತದೆ. ನೀರಿಗಿಂತ ಹಲವು ಹತ್ತು ಪಟ್ಟು ಸ್ನಿಗ್ಧವಾದ ಎಣ್ಣೆ ಆ ಒಡೆತವನ್ನು ಬಹಳ ಮುಂದೂಡುತ್ತದೆ. ಆಚಾರ್ಯರು ನೀರನ್ನು ಬಿಟ್ಟು ಎಣ್ಣೆಯನ್ನು ಆರಿಸಿದ್ದರಲ್ಲಿ ಒಳ್ಳೆಯ ಕಣ್ಣಿದೆ.

ಇನ್ನು ಶ್ರೀಭಾಷ್ಯಕ್ಕೆ ಬರೋಣ. ಅಂಥ ನೆನಪು ಯಾವುದರಿಂದ ಸಿದ್ಧಿಸುತ್ತದೆ ಎಂಬಲ್ಲಿ ರಾಮಾನುಜರು ತಮಗಿಂತ ಹಿಂದಿನ ವಾಕ್ಯಕಾರರನ್ನು ಆಧಾರವಾಗಿಟ್ಟುಕೊಂಡು ಏಳು ಸಾಧನಗಳನ್ನು ಹೇಳುತ್ತಾರೆ: ವಿವೇಕ, ವಿಮೋಕ, ಅಭ್ಯಾಸ, ಕ್ರಿಯೆ, ಕಲ್ಯಾಣ, ಅನವಸಾದ, ಅನುದ್ಧರ್ಷ. ಇಲ್ಲಿ ವಿವೇಕವೆಂದರೆ ತಿನ್ನುವ ಅನ್ನದ ಶುದ್ಧಿ. ಆಹಾರ ಶುದ್ಧವಾದರೆ ಅಂತಃಕರಣ ಶುದ್ಧ, ಅದು ಶುದ್ಧವಾದರೆ ನೆನಪು ಸ್ಥಿರ ಎಂಬ ಛಾಂದೋಗ್ಯದ ಮಾತು ಇದಕ್ಕೆ ಬೆನ್ನೆಲುಬು. (ಆ ಶುದ್ಧಿಯ ವಿವರಗಳಲ್ಲಿ ಕೆಲವು ಇಂದಿನವರಿಗೆ ಬರೀ ಮಡಿವಂತಿಕೆಯಾಗಿ ಕಂಡಾವು, ಆ ಜಗಳ ಬೇರೆಯದು.) ಕಾಮಕ್ಕೆ ಅಂಟದಿರುವುದು ವಿಮೋಕ, ಶಕ್ತಿಯಿದ್ದಷ್ಟು ಪಂಚಮಹಾಯಜ್ಞಗಳನ್ನು ಮಾಡುವುದು ಕ್ರಿಯೆ, ಸತ್ಯ, ದಯೆ, ದಾನ, ಅಹಿಂಸೆಗಳು ಕಲ್ಯಾಣ. ಏಳರಲ್ಲಿ ಅಭ್ಯಾಸ ಒಂದೇ ನೇರವಾಗಿ ಧ್ಯಾನದ ಕೆಲಸ. ಮಿಕ್ಕವು ಊಟದೆಲೆಯ ಮುಂದೆ, ಮನೆಯಲ್ಲಿ, ನೆರೆಹೊರೆಯವರ ಜೊತೆ ನಡೆಯತಕ್ಕವು. ಕೊನೆಯ ಎರಡಂತೂ ಸುರಿಯುವ ಕೈಗೇ ಹೇಳಿದಂತಿವೆ: ದುಃಖದಲ್ಲಿ ಕುಗ್ಗಿಹೋಗದಿರುವುದು ಅನವಸಾದ, ಸಂತೋಷದಲ್ಲಿ ಉಬ್ಬಿಹೋಗದಿರುವುದು ಅನುದ್ಧರ್ಷ. ಕುಗ್ಗಿದ ಮನಸ್ಸು ತನ್ನ ಅಂಚಿಗೇ ಅಂಟಿಕೊಂಡು ಇಳಿಯುತ್ತದೆ, ಉಬ್ಬಿದ್ದು ಉಕ್ಕಿ ಹೊರಚೆಲ್ಲುತ್ತದೆ. ‘ಮನಸ್ಸನ್ನು ಅಲುಗದಂತೆ ಹಿಡಿ’ ಎಂಬ ಸಾಧನ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಇದಕ್ಕೆ ಬಲವಾದ ಆಕ್ಷೇಪ ಬೌದ್ಧರ ಕಡೆಯಿಂದ ಬರುತ್ತದೆ. ಸಂಯುತ್ತನಿಕಾಯದಲ್ಲಿ ಬುದ್ಧ ಹೇಳುವ ಒಂದು ದೃಷ್ಟಾಂತದಲ್ಲಿ, ನಾಡಿಗೇ ಚೆಲುವೆಯಾದವಳ ಹಾಡು ಕುಣಿತ ನೋಡಲು ಜನ ಮುಗಿಬಿದ್ದಿರುತ್ತಾರೆ. ಅವಳಿಗೂ ಆ ಗುಂಪಿಗೂ ನಡುವೆ ಒಬ್ಬ ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆ ಹೊತ್ತು ನಡೆಯಬೇಕು. ಒಂದು ಹನಿ ಚೆಲ್ಲಿದರೂ ತಲೆ ಕತ್ತರಿಸಲು ಕತ್ತಿ ಹಿರಿದವನೊಬ್ಬ ಬೆನ್ನ ಹಿಂದೆಯೇ ಬರುತ್ತಿರುತ್ತಾನೆ. ಇಲ್ಲಿ ಎಣ್ಣೆಯನ್ನು ಉಳಿಸುವುದು ಭಯ ಹುಟ್ಟಿಸಿದ ಎಚ್ಚರವೇ ಅಲ್ಲವೆ? ಹೌದು, ಆ ಎಚ್ಚರ ಸುಳ್ಳಲ್ಲ. ಗಂಡಾಂತರದಲ್ಲಿ ಮನುಷ್ಯ ಅಸಾಧ್ಯವಾದಷ್ಟು ಗಮನ ಕೊಡಬಲ್ಲ. ಆದರೆ ಆ ನಡಿಗೆಗೆ ಒಂದು ಕೊನೆಯಿದೆ, ಪಾತ್ರೆ ಇಳಿಸಿದ ಮೇಲೆ ಕತ್ತಿಯೂ ಒರೆ ಸೇರುತ್ತದೆ. ಬ್ರಹ್ಮಸೂತ್ರ ಉಪಾಸನೆಗೆ ಹಾಕುವ ಅವಧಿ ಸಾಯುವ ತನಕ. ಅಷ್ಟು ಕಾಲ ಬೆನ್ನಿಗೆ ಕತ್ತಿ ಇಟ್ಟುಕೊಂಡು ಬದುಕುವವನಿಗೆ ಕತ್ತಿ ನೆನಪಿರುತ್ತದೆ, ಎಣ್ಣೆ ಮರೆಯುತ್ತದೆ. ಬುದ್ಧನ ಮಾರ್ಗದಲ್ಲೂ ಸಮ್ಯಕ್ ಸ್ಮೃತಿಗೆ ಮೊದಲೇ ಸಮ್ಯಕ್ ವಾಕ್, ಸಮ್ಯಕ್ ಆಜೀವಗಳಿವೆ ಎಂಬುದನ್ನು ಮರೆತು ಈ ದೃಷ್ಟಾಂತವನ್ನಷ್ಟೇ ಎತ್ತಿಕೊಂಡರೆ ಅವನಿಗೂ ಅನ್ಯಾಯ.

ನಿದ್ದೆಯ ವಿಚಾರ ಇನ್ನೂ ಸರಳವಾದ ಆಕ್ಷೇಪ. ರಾತ್ರಿ ಮಲಗಿದರೆ ಧಾರೆ ಕಡಿಯಿತಲ್ಲ? ರಾಮಾನುಜರ ಉತ್ತರ ಅವರ ಮಾತಿನಲ್ಲೇ ಇದೆ: ಈ ನೆನಪು ದಿನದಿನವೂ ಮಾಡತಕ್ಕದ್ದು, ಅಭ್ಯಾಸದಿಂದ ಬೆಳೆಯತಕ್ಕದ್ದು, ಮರಣದವರೆಗೆ ಸಾಗತಕ್ಕದ್ದು. ಗಡಿಯಾರದ ಪ್ರತಿ ಸೆಕೆಂಡಿನ ಲೆಕ್ಕ ಇಲ್ಲಿಲ್ಲ. ನಿನ್ನೆ ಬಿಟ್ಟಲ್ಲಿಂದ ಇಂದು ತಡವರಿಸದೆ ಹಿಡಿಯುವಂತಿರಬೇಕು, ಅದಕ್ಕೆ ಬೇಕಾದದ್ದು ನಡುವಿನ ಹೊತ್ತಿನ ಬದುಕು ಕೆಡದಿರುವುದು. ಹೋಲಿಕೆಯೊಂದು ಪ್ರಮಾಣವಾಗದು ಎನ್ನುವವರ ಮಾತನ್ನೂ ಒಪ್ಪುತ್ತೇನೆ. ಮನಸ್ಸಿನೊಳಗೆ ಗಾಳಿಯ ಒತ್ತಡವೇನೂ ಇಲ್ಲ. ನನ್ನ ವಾದ ನಿಂತಿರುವುದು ಏಳು ಸಾಧನಗಳ ಪಟ್ಟಿಯ ಮೇಲೆ. ಎಣ್ಣೆ ಡಬ್ಬ ಆ ಪಟ್ಟಿಯನ್ನು ಹೇಗೆ ಓದಬೇಕೆಂದು ತೋರಿಸಿತು, ಅಷ್ಟೆ.

ಕಷ್ಟದ ಪ್ರಶ್ನೆ ಕೃಪೆಯದು. ಆತ್ಮ ತಾನು ಯಾರನ್ನು ಆರಿಸಿಕೊಳ್ಳುತ್ತದೋ ಅವನಿಗೇ ದೊರಕುತ್ತದೆ ಎಂಬ ಉಪನಿಷತ್ತಿನ ಮಾತನ್ನು ರಾಮಾನುಜರು ಇದೇ ಪ್ರಕರಣದಲ್ಲಿ ತರುತ್ತಾರೆ. ಪ್ರಿಯನಾದವನೇ ಆಯ್ಕೆಗೆ ಯೋಗ್ಯ. ನೆನಪು ತಾನೇ ಪ್ರೀತಿಯಾದವನು ಅಂಥ ಪ್ರಿಯ ಎಂದು ಅದನ್ನು ಬಿಡಿಸುತ್ತಾರೆ. ಆಯ್ಕೆ ಪರಮಾತ್ಮನದಾದರೆ ನಮ್ಮ ಏರ್ಪಾಟಿಗೆ ಬೆಲೆಯೇನು? ಎರಡನೆಯ ತೂತು ಗಾಳಿಯನ್ನು ಎಳೆದು ತರುವುದಿಲ್ಲ, ಬರುವ ಗಾಳಿಗೆ ಧಾರೆಯನ್ನು ಮುರಿಯದೆ ಬರಲು ಎಡೆ ಕೊಡುತ್ತದೆ ಎಂಬಷ್ಟರವರೆಗೆ ನಾನು ಹೋಗಬಲ್ಲೆ. ಆ ತೂತು ಹೊಡೆಯುವುದೂ ನಮ್ಮ ಕೈಲಿಲ್ಲ, ಅದೂ ಅವನದೇ ಎಂದು ರಾಮಾನುಜರ ಅನುಯಾಯಿಗಳಲ್ಲೇ ತೆಂಗಲೆ ಸಂಪ್ರದಾಯದವರು ವಾದಿಸಿದರೆ ಎಣ್ಣೆ ಡಬ್ಬದ ಬಳಿ ಉತ್ತರವಿಲ್ಲ. ಹಾಗಿದ್ದರೆ ರಾಮಾನುಜರು ಅನ್ನದಿಂದ ಅಹಿಂಸೆಯವರೆಗೆ ಇಷ್ಟು ಬಿಡಿಸಿ ಯಾರಿಗಾಗಿ ಹೇಳಿದರು ಎಂಬುದನ್ನು ಅವರು ವಿವರಿಸಬೇಕಾಗುತ್ತದೆ.