ಅಳಿಯುವ ದೇಹಕ್ಕೆ ಸಿಮೆಂಟು ಏಕೆ?

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಕೂಡಲಸಂಗಮಕ್ಕೆ ಬರುವಂತೆ ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳಿಸಿದಾಗ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಆಕೆ ಕೇಳಿದರಂತೆ. ದೇಹದ ಹಂಗು ಹರಿದುಕೊಂಡವರ ಈ ಕಥೆಯ ನೆರಳಲ್ಲಿ ನಿಂತು, ಒಸಡಿನಲ್ಲಿ ಕೀವಾದರೇನು, ಹೇಗೂ ಮಣ್ಣಾಗುವ ದೇಹ ಎಂದು ಯಾರಾದರೂ ಅನ್ನಬಹುದು. ಕಥೆ ಹೇಳುವುದು ಅದಕ್ಕೆ ಉಲ್ಟಾ ಎಂದು ನನ್ನ ತಿಳಿವಳಿಕೆ. ದೇವರು ಬೇರೆಲ್ಲೋ ಇಲ್ಲ, ಇಲ್ಲೇ ಇದ್ದಾನೆ ಎಂದಮೇಲೆ ಆ 'ಇಲ್ಲಿ'ಯಲ್ಲಿ ಈ ದೇಹವೂ ಸೇರುತ್ತದೆ. ದೇಹವನ್ನೇ ದೇಗುಲವೆಂದ ಶರಣರು ಅದನ್ನು ಪಾಳು ಬಿಡಿ ಎನ್ನಲಿಲ್ಲ. ಅಪ್ಪಣ್ಣನವರ ಹಡಪದಲ್ಲಿ ಎಲೆ ಅಡಿಕೆ ಇದ್ದೀತು, ತಂಬಾಕು ಇರಲಿಲ್ಲ. ಅದು ಈ ನಾಡಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಇಂದು ಒಸಡು ಕೆಡಿಸುವುದರಲ್ಲಿ ಅದರ ಪಾಲು ದೊಡ್ಡದು.

ಹಲ್ಲಿಗೂ ಒಸಡಿಗೂ ನಡುವೆ ಕಿಟ್ಟ ಕೂತು, ಅದರಲ್ಲಿ ರೋಗಾಣುಗಳು ಪದರಗಟ್ಟಿದರೆ ಹಲ್ಲು ಹಿಡಿದಿರುವ ಎಲುಬೇ ಸವೆಯುತ್ತದೆ. ಮಾತ್ರೆ ನುಂಗಿದರೆ ಔಷಧಿ ಮೈಯೆಲ್ಲ ಸುತ್ತಿ, ಆ ಸಂದಿಗೆ ತಲುಪುವುದು ಸ್ವಲ್ಪವೇ. ಔಷಧಿಯನ್ನು ಬೇಕಾದ ಜಾಗದಲ್ಲೇ ಇಡಲು, ಕೃತಕ ಕೀಲನ್ನು ಎಲುಬಿನಲ್ಲಿ ಕೂರಿಸುವ ಸಿಮೆಂಟಿಗೆ ಆಂಟಿಬಯೋಟಿಕ್ ಬೆರೆಸುವ ದಾರಿಯನ್ನು 1970ರಲ್ಲಿ ಜರ್ಮನಿಯ ವೈದ್ಯ ಬುಖೋಲ್ಜ್ ಸೊಂಟದ ಕೀಲಿಗಾಗಿ ತೋರಿಸಿಕೊಟ್ಟರು. ಆ ಸಿಮೆಂಟು ಅಕ್ರಿಲಿಕ್, ಕರಗದು, ಔಷಧಿಯನ್ನು ಮೊದಲ ದಿನಗಳಲ್ಲಿ ಹೆಚ್ಚಾಗಿ ಬಿಟ್ಟು ಉಳಿದದ್ದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟು ಬೇರೆ ಜಾತಿ. ಎಲುಬಿನಲ್ಲಿರುವ ಖನಿಜಕ್ಕೆ ಹತ್ತಿರದ ವಸ್ತುವಾಗಿ ಗಟ್ಟಿಯಾಗಿ, ನಿಧಾನವಾಗಿ ಕರಗುತ್ತಾ ಹೊಸ ಎಲುಬಿಗೆ ಜಾಗ ಬಿಡಬಲ್ಲದು. ಒಸಡಿನ ರೋಗಕ್ಕೆ ಔಷಧಿ ಬೆರೆತ ಇಂಥ ಸಿಮೆಂಟು ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ; ಬಳಕೆಯಲ್ಲಿರುವುದು ಜೆಲ್, ಚಿಪ್‌ಗಳು.

ಧರ್ಮದ ಪ್ರಶ್ನೆ ಏಳುವುದು ಇಲ್ಲಿ. ಆಂಟಿಬಯೋಟಿಕ್ ಯಾರೊಬ್ಬರ ಸ್ವತ್ತಲ್ಲ; ನಾನು ಬೇಕಾಬಿಟ್ಟಿ ಬಳಸಿದರೆ ನಾಳೆ ನೆರೆಮನೆಯ ಕೂಸಿನ ಜ್ವರಕ್ಕೆ ಅದು ನಾಟದು. ಪ್ರಸಾದ ಕೆಡಿಸಬಾರದೆಂಬ ಶರಣರ ನಿಷ್ಠೆಯನ್ನು ಔಷಧಿಗೂ ಅನ್ವಯಿಸಬೇಕು. ಬೇಕಾದ ಜಾಗಕ್ಕೆ ಬೇಕಾದಷ್ಟೇ ಎಂಬ ಉಪಾಯ ಆ ನಿಷ್ಠೆಗೆ ಒಪ್ಪುತ್ತದೆ. ಆದರೆ ತಿಂಗಳುಗಟ್ಟಲೆ ತೊಟ್ಟುತೊಟ್ಟಾಗಿ ಜಿನುಗುವ ಔಷಧಿ ರೋಗಾಣುಗಳನ್ನು ಕೊಲ್ಲದೆ ಪಳಗಿಸುತ್ತದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದನ್ನು ನಾನು ಒಪ್ಪುತ್ತೇನೆ. ಅದಕ್ಕೇ ಕರಗದ ಸಿಮೆಂಟು ಒಸಡಿಗೆ ಸಲ್ಲದು, ಕರಗುವುದೂ ಬೇಗ ಔಷಧಿ ಬಿಟ್ಟು ಮುಗಿಸಬೇಕು. ಇನ್ನು ಕರ್ಮದ ಮಾತು: ಕಿಟ್ಟ ಪೂರ್ವಜನ್ಮದ್ದಲ್ಲ, ಈ ವರ್ಷದ್ದು. ಅದನ್ನು ಕೆರೆದು ತೆಗೆಯದೆ ಮೇಲೆ ಏನು ತುಂಬಿದರೂ ವ್ಯರ್ಥ. ಡಾಕ್ಟರ ಮುಂದೆ ಕೂತಾಗ ಮೊದಲು ಕ್ಲೀನಿಂಗ್ ಕೇಳಿ, ಮಾತ್ರೆ ಆಮೇಲೆ. ವಿಜಯಪುರದಲ್ಲೂ ಬಾಗಲಕೋಟೆಯಲ್ಲೂ ದಂತ ವೈದ್ಯಕೀಯ ಕಾಲೇಜುಗಳಿವೆ.